ಎರಡು ಭಾಷೆಯ ಊರಲ್ಲಿ ಫ್ರೆಂಚ್ ಕಲಿಯೋದು ಹೇಗೆ: ಮುಳಬಾಗಿಲಿನಿಂದ ಮಾಂಟ್ರಿಯಲ್‌ಗೆ ಹೋಗಿಬಂದವಳ ಮಾತು

ನಮ್ಮ ಚಿಕ್ಕಮ್ಮ ಮದನಪಲ್ಲಿಯಿಂದ ಮುಳಬಾಗಿಲಿಗೆ ಮದುವೆಯಾಗಿ ಬಂದವರು. ಬಂದು ಒಂಬತ್ತು ವರ್ಷವಾದರೂ ಅವರಿಗೆ ಕನ್ನಡ ಬರಲಿಲ್ಲ. ದಡ್ಡರೇನಲ್ಲ. ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ನಮ್ಮೂರು ಅಂಥದ್ದು. ಆಂಧ್ರದ ಗಡಿ ಪಕ್ಕದಲ್ಲೇ ಇದೆ. ತರಕಾರಿಯವರು, ಹಾಲಿನವರು, ಬಸ್ ಕಂಡಕ್ಟರ್, ಮೆಡಿಕಲ್ ಶಾಪಿನ ಹುಡುಗ, ಎಲ್ಲರಿಗೂ ತೆಲುಗು ಬರುತ್ತದೆ. ಚಿಕ್ಕಮ್ಮ ಕನ್ನಡದಲ್ಲಿ ಎರಡು ಮಾತು ಆಡಿ ತಡವರಿಸಿದರೆ ಸಾಕು, ಎದುರಿಗಿದ್ದವರು ಪ್ರೀತಿಯಿಂದಲೇ "ಚೆಪ್ಪಂಡಮ್ಮಾ" ಅಂದುಬಿಡುತ್ತಿದ್ದರು. ಅಲ್ಲಿಗೆ ಆವತ್ತಿನ ಕನ್ನಡ ಮುಗೀತು.

ಹತ್ತನೇ ವರ್ಷ ಅವರು ಸ್ತ್ರೀಶಕ್ತಿ ಸಂಘಕ್ಕೆ ಸೇರಿದರು. ಸಂಘದ ಪುಸ್ತಕ ಕನ್ನಡದಲ್ಲಿ ಬರೆಯಬೇಕು. ಪುಸ್ತಕ ತಾನೇ ಬರೆಯಬೇಕು ಅಂತ ಅವರಿಗೆ ಆಸೆ. ಆವತ್ತಿನಿಂದ ಹೋದ ಕಡೆಯೆಲ್ಲ ಒಂದೇ ಮಾತು: "ನನ್ನ ಜೊತೆ ತೆಲುಗು ಬೇಡಪ್ಪ. ಕನ್ನಡದಲ್ಲೇ ಹೇಳಿ. ತಪ್ಪಾದರೆ ತಿದ್ದಿ." ಒಂದೂವರೆ ವರ್ಷದಲ್ಲಿ ಸಂಘದ ಪುಸ್ತಕ ಅವರ ಕೈಗೆ ಬಂತು.

ನಾನು ಕೆನಡಾದ ಮಾಂಟ್ರಿಯಲ್‌ನಲ್ಲಿ ಎಂಟು ತಿಂಗಳು ಫ್ರೆಂಚ್ ಓದಿದೆ, ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ. ಮೊದಲ ಎರಡು ತಿಂಗಳು ಚಿಕ್ಕಮ್ಮನ ಮೊದಲ ಒಂಬತ್ತು ವರ್ಷದ ಹಾಗೇ ಕಳೆಯಿತು. ನಾನು "ಬೊಂಝೂರ್" ಅಂದರೆ ಅವರು "ಹಾಯ್" ಅನ್ನುತ್ತಿದ್ದರು. ನಾನು ಫ್ರೆಂಚಿನಲ್ಲಿ ಕಾಫಿ ಕೇಳಿದರೆ ಅವರು ಇಂಗ್ಲಿಷಿನಲ್ಲಿ ಬೆಲೆ ಹೇಳುತ್ತಿದ್ದರು. ಒಳ್ಳೆಯ ಜನ, ನನಗೆ ಕಷ್ಟ ಆಗಬಾರದು ಅಂತ ಹಾಗೆ ಮಾಡುತ್ತಿದ್ದರು. ಮೂರನೇ ತಿಂಗಳು ಚಿಕ್ಕಮ್ಮ ನೆನಪಾದರು. ಆಮೇಲೆ ದಾರಿ ಸಿಕ್ಕಿತು.

ಈಗ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ಕಡೆಯ ಹುಡುಗ ಹುಡುಗಿಯರು ಬಂದು ಕೇಳುತ್ತಾರೆ, "ಅಕ್ಕ, ಫ್ರೆಂಚ್ ಕಲಿಯೋಕೆ ಅಲ್ಲಿಗೇ ಹೋದರೆ ಬೇಗ ಬರುತ್ತಾ?" ಅಂತ. ಅವರಿಗೆ ಕೂತು ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಊರು

ಫ್ರೆಂಚ್ ಜೊತೆ ಇನ್ನೊಂದು ಭಾಷೆ ಇರುವ ಊರುಗಳು ಬೇಕಾದಷ್ಟಿವೆ. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಫ್ರೆಂಚ್ ಮತ್ತು ಡಚ್. ಸ್ವಿಟ್ಜರ್‌ಲೆಂಡಿನ ಫ್ರಿಬೋರ್ಗ್‌ನಲ್ಲಿ ಫ್ರೆಂಚ್ ಮತ್ತು ಜರ್ಮನ್, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಎರಡರಲ್ಲೂ ಪಾಠ ನಡೆಯುತ್ತದೆ. ಕೆನಡಾದಲ್ಲಿ ಒಟ್ಟಾವಾ, ಮಾಂಕ್ಟನ್, ಮಾಂಟ್ರಿಯಲ್. ಊರು ಆರಿಸುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ತಡವರಿಸಿದಾಗ ಎದುರಿನವರು ಯಾವ ಭಾಷೆಗೆ ಹೊರಳುತ್ತಾರೆ? ಆ ಭಾಷೆ ನಿಮಗೆ ಬರುವಂಥದ್ದಾದರೆ ಕಲಿಕೆ ನಿಧಾನ. ನಮಗೆಲ್ಲ ಇಂಗ್ಲಿಷ್ ಅಷ್ಟೋ ಇಷ್ಟೋ ಬರುತ್ತದೆ. ಹಾಗಾಗಿ ಒಟ್ಟಾವಾದಲ್ಲಿ ಕಲಿಯುವುದು ಮಾಂಟ್ರಿಯಲ್‌ಗಿಂತ ಕಷ್ಟ ಅಂತ ನನ್ನ ಅನಿಸಿಕೆ. ಅಲ್ಲಿ ಬೀದಿಯಲ್ಲಿ ಇಂಗ್ಲಿಷೇ ಜಾಸ್ತಿ. ನದಿ ದಾಟಿ ಫ್ರೆಂಚ್ ಜಾಸ್ತಿ ಇರುವ ಗಾಟಿನೋ ಊರಲ್ಲಿ ಮನೆ ಮಾಡಿದರೆ ಬೇರೆ ಮಾತು.

ಮಾಂಟ್ರಿಯಲ್ ಬಗ್ಗೆ ಒಂದು ವಿಷಯ ಸರಿಯಾಗಿ ತಿಳಿದುಕೊಂಡು ಹೋಗಿ. ಜನ ಎರಡೂ ಭಾಷೆ ಆಡುತ್ತಾರೆ, ನಿಜ. ಆದರೆ ಆ ಊರು ಇರುವ ಕ್ಯೂಬೆಕ್ ಪ್ರಾಂತ್ಯದ ಆಡಳಿತ ಭಾಷೆ ಫ್ರೆಂಚ್ ಒಂದೇ. 1960ರವರೆಗೂ ಆ ಊರಿನ ದೊಡ್ಡ ಕಂಪನಿಗಳು, ದೊಡ್ಡ ಅಂಗಡಿಗಳು ಇಂಗ್ಲಿಷಿನಲ್ಲೇ ನಡೆಯುತ್ತಿದ್ದವು. ಊರಲ್ಲಿ ಹೆಚ್ಚು ಜನ ಫ್ರೆಂಚ್ ಆಡುವವರು, ಮೇಲಿನ ಕೆಲಸಗಳು ಮಾತ್ರ ಇಂಗ್ಲಿಷಿನವರ ಕೈಯಲ್ಲಿ. 1977ರಲ್ಲಿ ಫ್ರೆಂಚ್ ಭಾಷೆಯ ಕಾನೂನು ಬಂತು. ಅದನ್ನು ಅಲ್ಲಿ "ಲ್ವಾ ಸಾಂ ಅಂ", ಅಂದರೆ 101ನೇ ಕಾನೂನು ಅಂತ ಕರೆಯುತ್ತಾರೆ. ಅಂಗಡಿ ಬೋರ್ಡು, ಕೆಲಸದ ಜಾಗ, ವಲಸೆ ಬಂದವರ ಮಕ್ಕಳ ಶಾಲೆ, ಎಲ್ಲದಕ್ಕೂ ಫ್ರೆಂಚ್ ಮುಖ್ಯವಾಯಿತು. ನಮ್ಮಲ್ಲಿ 1982ರಲ್ಲಿ ಗೋಕಾಕ್ ಚಳವಳಿ ನಡೆದಾಗಿನ ಕಾವನ್ನು ಹಿರಿಯರಿಂದ ಕೇಳಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಅಂಗಡಿಯವರು "ಬೊಂಝೂರ್-ಹಾಯ್" ಅಂತ ಎರಡನ್ನೂ ಸೇರಿಸಿ ಸ್ವಾಗತಿಸುವುದರ ಬಗ್ಗೆಯೂ ಅಲ್ಲಿ ಚರ್ಚೆ ಇದೆ. 2017ರಲ್ಲಿ ಅಲ್ಲಿನ ಶಾಸನಸಭೆ, ಬರೀ "ಬೊಂಝೂರ್" ಅನ್ನಿ ಅಂತ ಅಂಗಡಿಯವರನ್ನು ಕೇಳಿಕೊಳ್ಳುವ ನಿರ್ಣಯವನ್ನೇ ಮಾಡಿತು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಹೊರಗಿನಿಂದ ಬಂದವರು "ಕಲೀತಾ ಇದ್ದೀನಿ, ಕನ್ನಡದಲ್ಲೇ ಹೇಳಿ" ಅಂದಾಗ ನಮಗೆ ಹೇಗಾಗುತ್ತದೆ? ನೀವು ಫ್ರೆಂಚಿನಲ್ಲೇ ಮಾತಾಡಿ ಅಂತ ಕೇಳಿದಾಗ ಅಲ್ಲಿನವರ ಮುಖದಲ್ಲೂ ಅದೇ ಕಾಣುತ್ತದೆ. ಹೆದರಬೇಡಿ, ಕೇಳಿ.

ಎ2 ಆಗದೆ ವಿಮಾನ ಹತ್ತಬೇಡಿ

ಫ್ರೆಂಚಿನ ಮಟ್ಟವನ್ನು ಎ1, ಎ2, ಬಿ1, ಬಿ2, ಸಿ1, ಸಿ2 ಅಂತ ಅಳೆಯುತ್ತಾರೆ, ಎ1 ಮೊದಲ ಮೆಟ್ಟಿಲು, ಸಿ2 ಕೊನೆಯದು. ಎ1ರಲ್ಲಿ ಹೋದರೆ ಎರಡನೇ ವಾಕ್ಯಕ್ಕೇ ನಿಂತುಬಿಡುತ್ತೀರಿ, ಎದುರಿನವರು ಇಂಗ್ಲಿಷಿಗೆ ಹೋಗುತ್ತಾರೆ. ಎ2 ಆಗಿದ್ದರೆ ಮಾತನ್ನು ಐದು ನಿಮಿಷ ಎಳೆಯಬಹುದು. ಆ ಐದು ನಿಮಿಷದಲ್ಲೇ ಕಲಿಕೆ ಇರುವುದು. ಜೊತೆಗೆ, ಡಾಲರ್ ಕೊಟ್ಟು ಅಕ್ಷರಮಾಲೆ ಕಲಿಯುವುದು ಯಾಕೆ?

ನಾನು ಬೆಂಗಳೂರಿನ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ವಾರಾಂತ್ಯದ ಕ್ಲಾಸಿಗೆ ಸೇರಿದೆ. ಮುಳಬಾಗಿಲಿನಿಂದ ಬಸ್ಸಲ್ಲಿ ಬಂಗಾರಪೇಟೆ, ಅಲ್ಲಿಂದ ಬೆಳಗಿನ ರೈಲು. ಕಂಟೋನ್‌ಮೆಂಟ್ ಸ್ಟೇಷನ್ನಿನಲ್ಲಿ ಇಳಿದರೆ ನಡೆದೇ ಹೋಗಬಹುದು. ನಮ್ಮ ಕಡೆಯವರಿಗೆ ಇದು ಅನುಕೂಲ. ಎ2 ಮುಗಿಯುವುದಕ್ಕೆ ಸುಮಾರು 200 ಗಂಟೆ ಪಾಠ ಬೇಕು ಅಂತ ಲೆಕ್ಕ ಇಟ್ಟುಕೊಳ್ಳಿ. ರೈಲಿನಲ್ಲಿ ಹೋಗುತ್ತಾ ಬರುತ್ತಾ ಆಗುವ ಓದು ಬೇರೆ.

ಈಗ ಕನ್ನಡದವರಿಗೆ ಫ್ರೆಂಚಿನಲ್ಲಿ ಎಲ್ಲಿ ಸುಲಭ, ಎಲ್ಲಿ ಕಷ್ಟ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಸುಲಭದ್ದು ಸಂಧಿ. ಫ್ರೆಂಚಿನಲ್ಲಿ ಪದದ ಕೊನೆಯ ಅಕ್ಷರ ಎಷ್ಟೋ ಸಲ ಬರೆಯುತ್ತಾರೆ, ಹೇಳುವುದಿಲ್ಲ. ಮುಂದಿನ ಪದ ಸ್ವರದಿಂದ ಶುರುವಾದರೆ ಮಾತ್ರ ಅದು ಎದ್ದು ಬರುತ್ತದೆ. "ಲೆ" ಮತ್ತು "ಆಮಿ" ಸೇರಿದರೆ "ಲೆಝಾಮಿ", ಗೆಳೆಯರು. ಬೆಂಗಳೂರಿನ ಕ್ಲಾಸಿನಲ್ಲಿ ಎಲ್ಲರೂ ಇದಕ್ಕೆ ಒದ್ದಾಡುತ್ತಿದ್ದರು. ನಾನು ಪುಸ್ತಕದ ಅಂಚಿನಲ್ಲಿ "ಮನೆ + ಅಲ್ಲಿ = ಮನೆಯಲ್ಲಿ" ಅಂತ ಬರೆದುಕೊಂಡೆ. ಮಧ್ಯೆ ಒಂದು ಯ ಬರುವ ಹಾಗೆ ಅಲ್ಲಿ ಒಂದು ಝ ಬರುತ್ತದೆ. ನಮ್ಮ ಆಗಮ ಸಂಧಿ. ಹಾಗೇ "ಲ" ಮತ್ತು "ಆಮಿ" ಸೇರಿ "ಲಾಮಿ" ಆಗುವುದು ಊರು + ಅಲ್ಲಿ = ಊರಲ್ಲಿ ಆದ ಹಾಗೆ, ಲೋಪ ಸಂಧಿ. ಎಂಟನೇ ಕ್ಲಾಸಿನಲ್ಲಿ ಕನ್ನಡ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದು ಹದಿನೈದು ವರ್ಷದ ಮೇಲೆ ಕೆಲಸಕ್ಕೆ ಬಂತು.

ಇನ್ನೊಂದು ಸುಲಭದ್ದು "ತ್ಯು" ಮತ್ತು "ವು". ನೀನು, ನೀವು. ಇಂಗ್ಲಿಷ್ ಮಾತ್ರ ಬರುವವರಿಗೆ ಇದು ದೊಡ್ಡ ತಲೆನೋವು. ನಮಗೆ ಹುಟ್ಟಿದಾಗಿಂದ ಅಭ್ಯಾಸ. ಆದರೆ ಕ್ಯೂಬೆಕ್‌ನಲ್ಲಿ ಜನ ಬೇಗ "ತ್ಯು"ಗೆ ಇಳಿಯುತ್ತಾರೆ. ಅದನ್ನು ಅಗೌರವ ಅಂತ ತಿಳಿಯಬೇಡಿ. ನೀವು ಮಾತ್ರ ಹಿರಿಯರಿಗೆ, ಆಫೀಸಿನಲ್ಲಿ "ವು" ಅಂತಲೇ ಶುರುಮಾಡಿ.

ಕಷ್ಟದ್ದು ಲಿಂಗ. ನಮಗೆ ಕುರ್ಚಿ, ಮೇಜು, ಬಾಗಿಲು ಎಲ್ಲ "ಅದು". ಅಲ್ಲಿ ಕುರ್ಚಿ ಹೆಣ್ಣು, ಬಸ್ಸು ಗಂಡು. ಯಾಕೆ ಅಂತ ಕೇಳುತ್ತಾ ಕೂತರೆ ಮುಗಿಯುವುದಿಲ್ಲ. ಪದವನ್ನು ಒಂಟಿಯಾಗಿ ಕಲಿಯಬೇಡಿ, ಪದಕ್ಕೆ ಮೊದಲು ಬರುವ "ಅಂ" (ಗಂಡು) ಅಥವಾ "ಯುನ್" (ಹೆಣ್ಣು) ಸೇರಿಸಿಯೇ ಕಲಿಯಿರಿ. ನಾನು ಗಂಡು ಪದಗಳನ್ನು ನೀಲಿ ಪೆನ್ನಿನಲ್ಲಿ, ಹೆಣ್ಣು ಪದಗಳನ್ನು ಕೆಂಪು ಪೆನ್ನಿನಲ್ಲಿ ಬರೆದೆ. ಈಗಲೂ ಒಂದು ಪದ ನೆನಪಾದರೆ ಬಣ್ಣ ಮೊದಲು ನೆನಪಾಗುತ್ತದೆ. "ಸಿಯೊಂ" ಅಂತ ಮುಗಿಯುವ ಸ್ಟೇಷನ್, ನೇಷನ್ ತರಹದ ಪದಗಳು ಹೆಣ್ಣು. ಇಂಥ ನಾಲ್ಕೈದು ಗುರುತು ಇಟ್ಟುಕೊಂಡರೆ ಅರ್ಧ ಭಾರ ಇಳಿಯುತ್ತದೆ.

ಉಚ್ಚಾರಣೆಯಲ್ಲಿ ಎರಡು ವಿಷಯ. ಒಂದು, ಮೂಗಿನ ಸ್ವರ. "ಬೊಂ" ಅಂದರೆ ಒಳ್ಳೆಯದು. ನಾವು ಸೊನ್ನೆ ನೋಡಿದ ತಕ್ಷಣ ತುಟಿ ಮುಚ್ಚಿ "ಬೊಮ್" ಅಂತೀವಿ, ಇಲ್ಲವೇ ನಾಲಿಗೆ ಮೇಲೆ ತಾಗಿಸಿ "ಬೊನ್" ಅಂತೀವಿ. ಎರಡೂ ತಪ್ಪು. ಯಾರಾದರೂ ಕಥೆ ಹೇಳುವಾಗ ನಾವು "ಹ್ಞಾಂ, ಹ್ಞೂಂ" ಅಂತ ಹೂಂಗುಟ್ಟುತ್ತೀವಲ್ಲ, ಬಾಯಿ ತೆರೆದೇ ಇರುತ್ತದೆ, ಸದ್ದು ಮೂಗಿಂದ ಬರುತ್ತದೆ. ಅದೇ. ಎರಡು, "ಯು" ಸ್ವರ. ನಾಲಿಗೆ "ಈ" ಅನ್ನುವ ಜಾಗದಲ್ಲೇ ಇರಲಿ, ತುಟಿ ಮಾತ್ರ ಸಿಳ್ಳೆ ಹಾಕುವ ಹಾಗೆ ಮಾಡಿ. ಇದು ಬರದಿದ್ದರೆ "ದೆಸ್ಯು" ಅಂದರೆ ಮೇಲೆ, "ದೆಸು" ಅಂದರೆ ಕೆಳಗೆ, ಎರಡೂ ಒಂದೇ ಆಗಿಬಿಡುತ್ತವೆ. ಕನ್ನಡಿ ಮುಂದೆ ದಿನಕ್ಕೆ ಐದು ನಿಮಿಷ ಸಾಕು.

ಸಂಖ್ಯೆಗೆ ಮಾತ್ರ ನಾನು ಬೇರೆ ದಾರಿ ಹಿಡಿದೆ. ಫ್ರೆಂಚಿನಲ್ಲಿ 70 ಅಂದರೆ ಅರವತ್ತು-ಹತ್ತು. 80 ಅಂದರೆ ನಾಲ್ಕು-ಇಪ್ಪತ್ತು. 97 ಅಂದರೆ ನಾಲ್ಕು-ಇಪ್ಪತ್ತು-ಹದಿನೇಳು. ಬರೆದು ಕಲಿತರೆ ಬಾಯಿಗೆ ಬರುವುದಿಲ್ಲ. ಅಪ್ಪ ವಡ್ಡಹಳ್ಳಿ ಟೊಮೆಟೊ ಮಾರುಕಟ್ಟೆಯಲ್ಲಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಮಧ್ಯಾಹ್ನ ಊಟಕ್ಕೆ ಬಂದಾಗ 15 ಕೆಜಿ ಬಾಕ್ಸಿನ ರೇಟು ಒಂದೊಂದಾಗಿ ಹೇಳುತ್ತಿದ್ದರು. 380, 275, 497. ಅವರು ಹರಾಜಿನ ವೇಗದಲ್ಲೇ ಹೇಳಬೇಕು, ನಾನು ಅಷ್ಟೇ ವೇಗದಲ್ಲಿ ಫ್ರೆಂಚಿನಲ್ಲಿ ತಿರುಗಿ ಹೇಳಬೇಕು. "ಕಾತ್ರ ಸಾಂ ಕಾತ್ರ ವ್ಯಾಂ ದಿಸೆತ್." ಎರಡು ತಿಂಗಳು ಹೀಗೆ ಮಾಡಿದೆವು. ಮಾಂಟ್ರಿಯಲ್‌ನಲ್ಲಿ ಫೋನ್ ನಂಬರ್‌ನ ಕೊನೆಯ ಅಂಕಿಗಳನ್ನು ಎಷ್ಟೋ ಸಲ ಜೋಡಿಯಾಗಿ ಹೇಳುತ್ತಾರೆ. ನಮ್ಮ ಕ್ಲಾಸಿನಲ್ಲಿ ಅದನ್ನು ಒಂದೇ ಸಲಕ್ಕೆ ಬರೆದುಕೊಳ್ಳುತ್ತಿದ್ದವರಲ್ಲಿ ನಾನೂ ಒಬ್ಬಳು. ನಿಮ್ಮ ಮನೆಯಲ್ಲಿ ಮಂಡಿ ಇಲ್ಲದಿದ್ದರೆ ಬಸ್ಸಲ್ಲಿ ಕೂತು ಎದುರಿಗೆ ಬರುವ ಗಾಡಿಗಳ ನಂಬರ್ ಓದಿ.

ಕಾಗದ ಪತ್ರ

ಕೋರ್ಸ್ ಆರು ತಿಂಗಳಿಗಿಂತ ಕಡಿಮೆ ಇದ್ದರೆ ಸ್ಟಡಿ ಪರ್ಮಿಟ್ ಬೇಕಿಲ್ಲ, ವಿಸಿಟರ್ ವೀಸಾ ಸಾಕು. ಜಾಸ್ತಿ ಇದ್ದರೆ ಮೊದಲು ಕ್ಯೂಬೆಕ್ ಸರ್ಕಾರದಿಂದ ಸಿಎಕ್ಯೂ ಅನ್ನುವ ಒಪ್ಪಿಗೆ ಪತ್ರ ತೆಗೆದುಕೊಳ್ಳಬೇಕು, ಆಮೇಲೆ ಕೆನಡಾ ಸರ್ಕಾರದಿಂದ ಸ್ಟಡಿ ಪರ್ಮಿಟ್. ಎರಡು ಕಡೆ ಅರ್ಜಿ, ಎರಡು ಕಡೆ ಕಾಯುವುದು. ಆರೇಳು ತಿಂಗಳು ಮುಂಚೆಯೇ ಶುರುಮಾಡಿ. ಕೈಯಲ್ಲಿ ಎಷ್ಟು ಹಣ ತೋರಿಸಬೇಕು ಅನ್ನುವುದು ಆಗಾಗ ಬದಲಾಗುತ್ತದೆ, ಎರಡೂ ಸರ್ಕಾರದ ಸ್ವಂತ ವೆಬ್‌ಸೈಟ್ ನೋಡಿಯೇ ಲೆಕ್ಕ ಹಾಕಿ. ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ನಮ್ಮ ದೇಶದ ವಿದ್ಯಾರ್ಥಿಗಳಿಗೆ ಸಿಗುವುದಿಲ್ಲ. ವಿಮೆಯ ಖರ್ಚು ಮೊದಲೇ ಸೇರಿಸಿಕೊಳ್ಳಿ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಬರೀ ಭಾಷೆ ಕಲಿಯುವ ಕೋರ್ಸಿಗೆ ಹೋದವರು ಹೊರಗೆ ಪಾರ್ಟ್-ಟೈಮ್ ಕೆಲಸ ಮಾಡುವ ಹಾಗಿಲ್ಲ. ಆ ಅವಕಾಶ ಡಿಗ್ರಿ, ಡಿಪ್ಲೊಮಾದಂಥ ಕೋರ್ಸ್ ಓದುವವರಿಗೆ. ನನಗೆ ದಾರಿ ತೋರಿಸಿದ ಒಬ್ಬ ಏಜೆಂಟ್, "ಕೆಲಸ ಮಾಡಿಕೊಂಡು ಓದಬಹುದಮ್ಮ, ಖರ್ಚು ಅಲ್ಲೇ ಹೊರಡುತ್ತದೆ" ಅಂದಿದ್ದರು. ಅಪ್ಪ ಅದನ್ನು ನಂಬಿ ಲೆಕ್ಕ ಹಾಕಿದ್ದರು. ಪರ್ಮಿಟ್ ಕೈಗೆ ಬಂದಾಗ ಅದರಲ್ಲೇ ಬರೆದಿತ್ತು. ಅಮ್ಮನ ಬಳೆ ಬ್ಯಾಂಕಿಗೆ ಹೋಯಿತು. ಆ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನಿಮ್ಮ ಮನೆಯಲ್ಲಿ ಹಾಗಾಗಬಾರದು. ಎಂಟು ತಿಂಗಳ ಪೂರ್ತಿ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಹೊರಡಿ, ಇಲ್ಲವೇ ಆರು ತಿಂಗಳ ಒಳಗಿನ ಕೋರ್ಸ್ ಆರಿಸಿ.

ಮನೆ ಎಲ್ಲಿ ಮಾಡಬೇಕು

ಮಾಂಟ್ರಿಯಲ್‌ನ ಮಧ್ಯೆ ಸಾಂ-ಲೊರಾಂ ಅನ್ನುವ ಉದ್ದನೆಯ ರಸ್ತೆ ಇದೆ. ಅಡ್ಡರಸ್ತೆಗಳ ಮನೆ ನಂಬರ್ ಅಲ್ಲಿಂದ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಎಣಿಕೆ. ಹಿಂದಿನಿಂದಲೂ ಪೂರ್ವಕ್ಕೆ ಫ್ರೆಂಚ್ ಜಾಸ್ತಿ, ಪಶ್ಚಿಮಕ್ಕೆ ಇಂಗ್ಲಿಷ್ ಜಾಸ್ತಿ. ಈಗ ಬೇಕಾದಷ್ಟು ಬೆರೆತಿದೆ, ಆದರೂ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಮನೆಯನ್ನು ಪೂರ್ವಕ್ಕೆ ಮಾಡಿ.

ನಮ್ಮ ದೇಶದವರು ಸಾಮಾನ್ಯವಾಗಿ ಪಾರ್ಕ್-ಎಕ್ಸ್‌ಟೆನ್ಷನ್ ಕಡೆ ಹೋಗುತ್ತಾರೆ. ಬಾಡಿಗೆ ಸ್ವಲ್ಪ ಕಡಿಮೆ, ಬೇಳೆ, ಅಕ್ಕಿ, ಹುಣಸೆಹಣ್ಣು, ರಾಗಿಹಿಟ್ಟು ಎಲ್ಲ ಸಿಗುತ್ತದೆ. ನಾನೂ ಮೊದಲ ಎರಡು ತಿಂಗಳು ಅಲ್ಲೇ ಇದ್ದೆ, ನೆಲ್ಲೂರಿನ ಇಬ್ಬರು ಹುಡುಗಿಯರ ಜೊತೆ. ತುಂಬಾ ಒಳ್ಳೆಯವರು. ರಾತ್ರಿ ಮೂವರೂ ಸೇರಿ ಅನ್ನ ಸಾರು ಮಾಡಿಕೊಂಡು ತೆಲುಗಿನಲ್ಲಿ ಹರಟುತ್ತಿದ್ದೆವು. ಫ್ರೆಂಚ್ ಕಲಿಯಲು ಹೋಗಿ ನನ್ನ ತೆಲುಗು ಚೆನ್ನಾಗಿ ಆಯಿತು. ನವೆಂಬರ್‌ನಲ್ಲಿ ಪಕ್ಕದ ವಿಲ್ರೇ ಅನ್ನುವ ಬಡಾವಣೆಗೆ ಬದಲಾಯಿಸಿದೆ. ಝಾರಿ ಮೆಟ್ರೋ ಸ್ಟೇಷನ್ ಹತ್ತಿರ. ಅದು ಫ್ರೆಂಚ್ ಕೇರಿ. ರಾಗಿಹಿಟ್ಟು ಬೇಕಾದರೆ ಝಾಂ-ತಲೊಂ ರಸ್ತೆಯಲ್ಲಿ ಪಶ್ಚಿಮಕ್ಕೆ ನಡೆದರೆ ಪಾರ್ಕ್-ಎಕ್ಸ್‌ಟೆನ್ಷನ್ ಸಿಗುತ್ತದೆ. ಊಟಕ್ಕೆ ಆ ಕಡೆ, ಮಾತಿಗೆ ಈ ಕಡೆ. ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣಲಿಲ್ಲ.

ಮನೆ ಹುಡುಕುವಾಗ "3½", "4½" ಅಂತ ಬರೆದಿರುತ್ತಾರೆ. ಅರ್ಧ ಅಂದರೆ ಬಾತ್‌ರೂಮ್. ಉಳಿದದ್ದು ಅಡುಗೆಮನೆ, ಹಾಲ್ ಎಲ್ಲ ಸೇರಿದ ಕೋಣೆಗಳ ಲೆಕ್ಕ. "ಶೋಫೆ" ಅಂತ ಇದ್ದರೆ ಚಳಿಗಾಲದ ಹೀಟಿಂಗ್ ಬಾಡಿಗೆಯಲ್ಲೇ ಸೇರಿದೆ ಅಂತ. ಇದನ್ನು ಮರೆಯದೆ ನೋಡಿ. ನಮ್ಮ ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲ. ಡಿಪಾಸಿಟ್ ಕೇಳುವುದಕ್ಕೇ ಕ್ಯೂಬೆಕ್ ಕಾನೂನಿನಲ್ಲಿ ಅವಕಾಶ ಇಲ್ಲ. ಮೊದಲ ತಿಂಗಳ ಬಾಡಿಗೆ ಮಾತ್ರ ಮುಂಗಡ ಕೇಳಬಹುದು. ನನ್ನ ಹತ್ತಿರ ಒಬ್ಬ ಮನೆ ಮಾಲೀಕರು ಎರಡು ತಿಂಗಳದ್ದು ಕೇಳಿದರು. ಕಾನೂನು ಹೀಗಿದೆಯಲ್ಲ ಅಂತ ಮೆಲ್ಲಗೆ ಹೇಳಿದೆ. ಅವರು ಮತ್ತೆ ಫೋನ್ ಎತ್ತಲಿಲ್ಲ, ನಾನು ಬೇರೆ ಮನೆ ನೋಡಿದೆ. ಅಲ್ಲಿ ತುಂಬಾ ಮನೆಗಳ ಕರಾರು ಜುಲೈ 1ಕ್ಕೆ ಬದಲಾಗುತ್ತದೆ. ಆ ದಿನ ಊರಿಗೆ ಊರೇ ಸಾಮಾನು ಹೊತ್ತು ಓಡಾಡುತ್ತದೆ. ಆ ಸುಮಾರಿಗೆ ಹುಡುಕಿದರೆ ಆಯ್ಕೆ ಜಾಸ್ತಿ.

ವಿಲ್ರೇ ಮನೆಯಲ್ಲಿ ರೂಮಿನ ಜೊತೆಗಾರ್ತಿ ಕ್ಯೂಬೆಕ್‌ನ ಸಾಗ್ನೇ ಕಡೆಯವಳು. ಅಲ್ಲೆಲ್ಲ ಪೂರ್ತಿ ಫ್ರೆಂಚ್. ಸರಿಹೋಯಿತು ಅಂದುಕೊಂಡೆ. ಆದರೆ ಅವಳಿಗೆ ಇಂಗ್ಲಿಷ್ ಕಲಿಯುವ ಆಸೆ! ಹೀಗೆ ಆಗುತ್ತದೆ ಅಂತ ಮೊದಲೇ ತಿಳಿದಿರಿ. ನಾವು ಒಂದು ಒಪ್ಪಂದ ಮಾಡಿಕೊಂಡೆವು. ಅಡುಗೆಮನೆಯಲ್ಲಿ ಯಾವಾಗಲೂ ಫ್ರೆಂಚ್. ಭಾನುವಾರ ಸಂಜೆ ಒಂದು ಗಂಟೆ ಇಂಗ್ಲಿಷ್, ಅದು ಅವಳದ್ದು. ಇಬ್ಬರೂ ಕೊನೆಯವರೆಗೂ ತಪ್ಪಲಿಲ್ಲ.

ಇಂಗ್ಲಿಷಿನ ಬಾಗಿಲು ಒಂದೊಂದಾಗಿ ಮುಚ್ಚುವುದು

ಇಡೀ ಬರಹದಲ್ಲಿ ಇದೇ ಮುಖ್ಯ. ಕ್ಲಾಸು ವಾರಕ್ಕೆ ಇಪ್ಪತ್ತು ಗಂಟೆ ಇರಬಹುದು. ಉಳಿದ ಹೊತ್ತು ನಿಮ್ಮ ಕೈಯಲ್ಲಿದೆ.

ಮೊದಲ ಬಾಗಿಲು ಅಂಗಡಿ. ನಮ್ಮ ಬೀದಿಯ ಮೂಲೆಯಲ್ಲಿ ಒಂದು ಬೇಕರಿ ಇತ್ತು. ನವೆಂಬರ್‌ನ ಒಂದು ಬೆಳಿಗ್ಗೆ ಬ್ರೆಡ್ ಕೇಳಿದೆ. ಕೌಂಟರಿನ ಹಿಂದಿನ ಹೆಂಗಸು, ಅಮ್ಮನ ವಯಸ್ಸಿನವರು, ಏನೋ ಕೇಳಿದರು. ನನಗೆ ತಿಳಿಯಲಿಲ್ಲ. ತಕ್ಷಣ ಇಂಗ್ಲಿಷಿಗೆ ಬಂದರು. ನಾನು ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದ ಮಾತು ಹೇಳಿದೆ: "ಆಂ ಫ್ರಾಂಸೆ, ಸಿಲ್ ವು ಪ್ಲೆ. ಝಾಪ್ರಾಂ." ಫ್ರೆಂಚಿನಲ್ಲೇ ಹೇಳಿ, ಕಲೀತಾ ಇದ್ದೀನಿ. ಅವರು ಕೈಯಲ್ಲಿದ್ದ ಬ್ರೆಡ್ಡನ್ನು ಕೌಂಟರ್ ಮೇಲೆ ಇಟ್ಟರು. ಹಿಂದೆ ನಿಂತಿದ್ದವರನ್ನು ಒಂದು ಸಲ ನೋಡಿದರು. ಆಮೇಲೆ ಅಂಗೈಯನ್ನು ಚಾಕುವಿನ ಹಾಗೆ ಹಿಡಿದು ಬ್ರೆಡ್ ಮೇಲೆ ಮೆಲ್ಲಗೆ ಆಡಿಸುತ್ತಾ ಕೇಳಿದರು, "ತ್ರಾಂಶೆ?" ಹೋಳು ಮಾಡಲಾ ಅಂತ. ನಾನು "ವ್ವಿ, ತ್ರಾಂಶೆ" ಅಂದೆ. ಆಮೇಲೆ "ಸ ವ ಎತ್ರ್ ತು?" ಇಷ್ಟೇನಾ? "ವ್ವಿ." ಅಷ್ಟೇ ಮಾತು. ಆದರೆ ಆ ಎರಡು ಪ್ರಶ್ನೆ ನಾನು ಪುಸ್ತಕದಲ್ಲಿ ಎಲ್ಲೂ ನೋಡಿರಲಿಲ್ಲ. ಅಲ್ಲಿಂದ ಮುಂದೆ ನಾನು ಒಳಗೆ ಹೋದರೆ ಆ ಹೆಂಗಸು ಒಂದು ದಿನವೂ ಇಂಗ್ಲಿಷ್ ಆಡಲಿಲ್ಲ. ಜನವರಿ ಹೊತ್ತಿಗೆ ಹಿಮದ ಬಗ್ಗೆ, ತಮ್ಮ ಮಂಡಿನೋವಿನ ಬಗ್ಗೆ ಹೇಳುತ್ತಿದ್ದರು.

"ಆಂ ಫ್ರಾಂಸೆ, ಸಿಲ್ ವು ಪ್ಲೆ. ಝಾಪ್ರಾಂ" ಅನ್ನುವ ಎರಡು ಮಾತನ್ನು ಬಾಯಿಪಾಠ ಮಾಡಿ. ದಿನಕ್ಕೊಂದು ಅಂಗಡಿಗೆ ಹೋಗುವುದಕ್ಕಿಂತ ದಿನಾ ಒಂದೇ ಅಂಗಡಿಗೆ ಹೋಗಿ. ಮುಖ ಪರಿಚಯವಾದರೆ ಮಾತು ಬೆಳೆಯುತ್ತದೆ. ಜನ ಸಾಲಿನಲ್ಲಿ ಕಾಯುವ ಹೊತ್ತಿನಲ್ಲಿ ಹೋಗಬೇಡಿ, ಬೆಳಿಗ್ಗೆ ಹತ್ತೂವರೆ, ಮಧ್ಯಾಹ್ನ ಮೂರು ಗಂಟೆ ಒಳ್ಳೆಯದು.

ಎರಡನೇ ಬಾಗಿಲು ನಿಮ್ಮ ಮನೆಯೊಳಗೇ ಇದೆ. ಕೆನಡಾದಲ್ಲಿ ಪ್ರತಿ ತಿನಿಸಿನ ಪೊಟ್ಟಣದ ಮೇಲೂ ಇಂಗ್ಲಿಷ್, ಫ್ರೆಂಚ್ ಎರಡೂ ಇರಬೇಕು ಅಂತ ಕಾನೂನಿದೆ. ಸಾಮಾನ್ಯವಾಗಿ ಒಂದು ಬದಿಗೆ ಒಂದು ಭಾಷೆ. ಸಾಮಾನು ತಂದು ಇಡುವಾಗ ಫ್ರೆಂಚ್ ಬದಿ ಮುಂದೆ ಬರುವ ಹಾಗೆ ಜೋಡಿಸಿ. ಹಾಲು, ಹಿಟ್ಟು, ಉಪ್ಪು, ಸೋಪು, ಎಲ್ಲ. ಫೋನ್, ಲ್ಯಾಪ್‌ಟಾಪ್, ಮ್ಯಾಪ್‌ನ ಭಾಷೆಯೂ ಫ್ರೆಂಚ್‌ಗೆ ಬದಲಾಯಿಸಿ. ಮ್ಯಾಪ್ ಬಾಯಿಬಿಟ್ಟು "ಬಲಕ್ಕೆ ತಿರುಗಿ" ಅಂತ ಫ್ರೆಂಚಿನಲ್ಲಿ ಹೇಳಿದಾಗ ತಪ್ಪು ತಿರುಗಿದರೆ ಚಳಿಯಲ್ಲಿ ಅರ್ಧ ಕಿಲೋಮೀಟರ್ ನಡೆಯಬೇಕು. ಎಡ, ಬಲ ಬೇಗ ಬರುತ್ತದೆ.

ಮೂರನೆಯದು ಕ್ಲಾಸಿನ ವಿರಾಮ. ನಮ್ಮ ಕ್ಲಾಸಿನಲ್ಲಿ ಇರಾನ್, ಚೀನಾ, ಬ್ರೆಜಿಲ್, ಕೊಲಂಬಿಯಾದವರಿದ್ದರು. ಗಂಟೆ ಹೊಡೆದ ಕೂಡಲೇ ಎಲ್ಲರೂ ಇಂಗ್ಲಿಷ್. ನಾನು, ಒಬ್ಬ ಇರಾನಿ ಹುಡುಗಿ ಸೇರಿ ಊಟದ ಹೊತ್ತಿನಲ್ಲಿ ಫ್ರೆಂಚ್ ಬಿಟ್ಟು ಬೇರೆ ಇಲ್ಲ ಅಂತ ನಿಯಮ ಮಾಡಿಕೊಂಡೆವು. ಇಬ್ಬರದ್ದೂ ತಪ್ಪು ಫ್ರೆಂಚೇ. ಪರವಾಗಿಲ್ಲ, ಬಾಯಿ ಹೊರಳುವುದು ಮುಖ್ಯ. ಒಂದು ಮಾತು: ಸ್ಪ್ಯಾನಿಷ್, ಪೋರ್ಚುಗೀಸ್ ಬರುವವರು ನಿಮಗಿಂತ ಎರಡು ಪಟ್ಟು ವೇಗವಾಗಿ ಮುಂದೆ ಹೋಗುತ್ತಾರೆ. ಅವರ ಭಾಷೆ, ಫ್ರೆಂಚ್ ಎರಡೂ ಲ್ಯಾಟಿನ್‌ನಿಂದ ಬಂದವು. ಕನ್ನಡದವರು ತೆಲುಗು ಕಲಿತ ಹಾಗೆ ಅವರಿಗೆ. ಅದನ್ನು ನೋಡಿ ನಿಮ್ಮ ಮನಸ್ಸು ಕುಗ್ಗಬಾರದು.

ಫೋನ್ ಬಾಗಿಲು ಎಲ್ಲಕ್ಕಿಂತ ಕಷ್ಟ. ಮುಖ ಕಾಣುವುದಿಲ್ಲ, ಕೈ ಆಡಿಸುವ ಹಾಗಿಲ್ಲ. ಯಾವ ಆಫೀಸಿಗೆ ಫೋನ್ ಮಾಡಿದರೂ ಇಂಗ್ಲಿಷ್ ಬೇಕಾದರೆ ಇಂಥ ನಂಬರ್ ಒತ್ತಿ ಅನ್ನುತ್ತದೆ. ಒತ್ತಬೇಡಿ. ಹೇಳಬೇಕಾದ್ದನ್ನು ಮೊದಲು ಕಾಗದದಲ್ಲಿ ಬರೆದುಕೊಳ್ಳಿ, ಅವರು ಏನು ಕೇಳಬಹುದು ಅನ್ನುವುದನ್ನೂ ಬರೆದುಕೊಳ್ಳಿ. ನಾನು ಫೋನಿನಲ್ಲಿ ಪೂರ್ತಿ ಫ್ರೆಂಚಿನಲ್ಲಿ ಮಾತಾಡಿ ಒಂದು ಕೆಲಸ ಮುಗಿಸಿದ್ದು ಆರನೇ ತಿಂಗಳಲ್ಲಿ, ಲೈಬ್ರರಿಯ ಒಂದು ಗುಂಪಿಗೆ ಹೆಸರು ಬರೆಸಿದ್ದು. ಫೋನ್ ಇಟ್ಟಮೇಲೆ ಕೈ ಬೆವೆತಿತ್ತು, ಹೊರಗೆ ಮೈನಸ್ 18 ಇದ್ದರೂ.

ಲೈಬ್ರರಿ ಬಗ್ಗೆ ಹೇಳಲೇಬೇಕು. ಬೆರಿ-ಯುಕಾಮ್ ಮೆಟ್ರೋ ಸ್ಟೇಷನ್‌ಗೆ ಅಂಟಿಕೊಂಡೇ ಗ್ರಾಂದ್ ಬಿಬ್ಲಿಯೊತೆಕ್ ಅನ್ನುವ ದೊಡ್ಡ ಗ್ರಂಥಾಲಯ ಇದೆ, 2005ರಲ್ಲಿ ತೆರೆದದ್ದು. ಕ್ಯೂಬೆಕ್‌ನಲ್ಲಿ ವಾಸ ಇರುವವರಿಗೆ ಕಾರ್ಡ್ ಉಚಿತ. ಚಳಿಗಾಲದಲ್ಲಿ ನನ್ನ ಅರ್ಧ ದಿನ ಅಲ್ಲೇ. ಮಕ್ಕಳ ಪುಸ್ತಕದಿಂದ ಶುರುಮಾಡಿ, ನಾಚಿಕೆ ಬೇಡ. ಊರಿನ ಬಡಾವಣೆಯ ಲೈಬ್ರರಿಗಳಲ್ಲಿ ಫ್ರೆಂಚ್ ಸಂಭಾಷಣೆಯ ಗುಂಪುಗಳಿರುತ್ತವೆ. ಆರೇಳು ಜನ ಸುತ್ತ ಕೂತು ಒಂದು ವಿಷಯ ಮಾತಾಡುವುದು. ದುಡ್ಡಿಲ್ಲ, ಪರೀಕ್ಷೆ ಇಲ್ಲ. ನಮ್ಮ ಗುಂಪು ನಡೆಸುತ್ತಿದ್ದದ್ದು ರಿಟೈರ್ ಆದ ಒಬ್ಬ ಮೇಷ್ಟ್ರು. ಒಂದು ಸಲ ನಿಮ್ಮೂರಿನ ತಿಂಡಿ ಬಗ್ಗೆ ಹೇಳಿ ಅಂದರು. ಮುಳಬಾಗಿಲು ದೋಸೆ ಬಗ್ಗೆ ಹತ್ತು ನಿಮಿಷ ಹೇಳಿದೆ. ಹುದುಗುವುದು, ಕಾವಲಿ, ಬೆಣ್ಣೆ, ಕೆಂಪು ಚಟ್ನಿ, ಒಂದೊಂದಕ್ಕೂ ಪದ ಹುಡುಕಿದೆ. ಸಿಗದಿದ್ದಾಗ ಅವರು ಎತ್ತಿ ಕೊಟ್ಟರು. ನಿಮಗೆ ಮನಸಾರೆ ಗೊತ್ತಿರುವ ಒಂದು ವಿಷಯವನ್ನು ಹೀಗೆ ಹತ್ತು ನಿಮಿಷ ಹೇಳಲು ತಯಾರಾಗಿ. ಅದರಿಂದ ಬರುವ ಪದಗಳು ಮರೆಯುವುದಿಲ್ಲ.

ಕ್ಯೂಬೆಕ್ ಸರ್ಕಾರದ ಉಚಿತ ಫ್ರೆಂಚ್ ತರಗತಿಗಳೂ ಇವೆ. 2023ರಿಂದ ಫ್ರಾಂಸಿಸಾಸಿಯೊಂ ಕೆಬೆಕ್ ಅನ್ನುವ ಒಂದೇ ಕಡೆ ಅರ್ಜಿ ಹಾಕಬೇಕು. ನಿಮ್ಮ ಪರ್ಮಿಟ್‌ಗೆ ಅನ್ವಯಿಸುತ್ತದಾ ಅಂತ ಮೊದಲು ನೋಡಿ, ಕಾಯುವ ಸಾಲೂ ಉದ್ದ.

ಎಲ್ಲ ಬಾಗಿಲೂ ಮುಚ್ಚಬೇಡಿ. ಮೈ ಹುಷಾರಿಲ್ಲದಾಗ, ಕರಾರಿಗೆ ಸಹಿ ಮಾಡುವಾಗ, ಪೊಲೀಸ್ ವಿಷಯದಲ್ಲಿ ಇಂಗ್ಲಿಷ್ ಆಡಿ. ಆರೋಗ್ಯದ ಸಲಹೆಗೆ 811ಕ್ಕೆ ಫೋನ್ ಮಾಡಿದರೆ ನರ್ಸ್ ಸಿಗುತ್ತಾರೆ, ಇಂಗ್ಲಿಷಿನಲ್ಲೂ ಮಾತಾಡುತ್ತಾರೆ. ಅಲ್ಲಿ ಕಲಿಕೆ ಬೇಡ. ಅಮ್ಮನ ಜೊತೆಗಿನ ಕನ್ನಡವನ್ನೂ ಕಡಿಮೆ ಮಾಡಬೇಡಿ. ನಾನು ದಿನಾ ಬೆಳಿಗ್ಗೆ ಏಳಕ್ಕೆ ಫೋನ್ ಮಾಡುತ್ತಿದ್ದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗುವ ಊರಲ್ಲಿ ಅದಿಲ್ಲದಿದ್ದರೆ ಇರಲಾಗುತ್ತಿರಲಿಲ್ಲ.

ಪುಸ್ತಕದಲ್ಲಿಲ್ಲದ ಫ್ರೆಂಚ್

ಬೆಂಗಳೂರಿನಲ್ಲಿ ಕಲಿತದ್ದು ಪ್ಯಾರಿಸ್ ಕಡೆಯ ಫ್ರೆಂಚ್. ಕ್ಯೂಬೆಕ್‌ನಲ್ಲಿ "ತ್ಯು" ಅನ್ನುವುದು "ತ್ಸು" ಅಂತ ಕೇಳುತ್ತದೆ, "ದಿಮಾಂಶ್" ಅನ್ನುವುದು "ದ್ಝಿಮಾಂಶ್". ಮೊದಲ ವಾರ ಏನೂ ತಿಳಿಯುವುದಿಲ್ಲ. ಧಾರವಾಡದವರು ಮೊದಲ ಸಲ ಕೋಲಾರದ ಕನ್ನಡ ಕೇಳಿದ ಹಾಗೆ. ತಿಂಗಳಲ್ಲಿ ಕಿವಿ ಹೊಂದುತ್ತದೆ. ಊಟದ ಹೆಸರು ಮಾತ್ರ ಮೊದಲೇ ಕಲಿತಿರಿ: ಪ್ಯಾರಿಸ್‌ನಲ್ಲಿ "ದೆಝುನೆ" ಅಂದರೆ ಮಧ್ಯಾಹ್ನದ ಊಟ, ಕ್ಯೂಬೆಕ್‌ನಲ್ಲಿ ಬೆಳಗಿನ ತಿಂಡಿ. "ದಿನೆ" ಅಲ್ಲಿ ಮಧ್ಯಾಹ್ನದ್ದು, ರಾತ್ರಿಯದ್ದು "ಸುಪೆ". ಧನ್ಯವಾದ ಹೇಳಿದರೆ "ಬ್ಯಾಂವನ್ಯು" ಅನ್ನುತ್ತಾರೆ, ಸ್ವಾಗತ ಅಂತಲ್ಲ, ಪರವಾಗಿಲ್ಲ ಅಂತ. ಮೂಲೆಯ ಚಿಲ್ಲರೆ ಅಂಗಡಿ "ದೆಪಾನರ್".

ಮೆಟ್ರೋದಲ್ಲಿ ಕೂತಾಗ ಹೆಡ್‌ಫೋನ್ ತೆಗೆದಿಡಿ. "ಪ್ರೊಶೆನ್ ಸ್ತಾಸಿಯೊಂ" ಅಂತ ಮುಂದಿನ ಸ್ಟೇಷನ್ ಹೆಸರು ಹೇಳುತ್ತಾರೆ. ಬೊಬ್ಯಾಂ, ರೊಸ್ಮೊಂ, ಲೊರಿಯೆ. ಗೋಡೆಯ ಮೇಲೆ ಬರೆದದ್ದನ್ನು ನೋಡುತ್ತಾ ಕಿವಿಯಲ್ಲಿ ಕೇಳಿ. ಯಾವ ಅಕ್ಷರ ನುಂಗುತ್ತಾರೆ ಅನ್ನುವುದು ಅಲ್ಲೇ ಕಲಿತೆ.

ಪರೀಕ್ಷೆ, ಆಮೇಲೆ

ವಲಸೆ, ಪಿಆರ್ (ಅಲ್ಲೇ ಕಾಯಂ ವಾಸ) ಅಂತ ಯೋಚನೆ ಇದ್ದರೆ ಕೆನಡಾ ಸರ್ಕಾರಕ್ಕೆ ಬೇಕಾದದ್ದು ಟಿಇಎಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ ಅನ್ನುವ ಫ್ರೆಂಚ್ ಪರೀಕ್ಷೆ. ಎರಡರ ಅಂಕವೂ ಎರಡು ವರ್ಷ ಮಾತ್ರ ನಡೆಯುತ್ತದೆ. ಡೆಲ್ಫ್ ಅನ್ನುವ ಇನ್ನೊಂದು ಫ್ರೆಂಚ್ ಪರೀಕ್ಷೆಯ ಸರ್ಟಿಫಿಕೇಟ್‌ಗೆ ಅವಧಿ ಇಲ್ಲ, ಜೀವನಪೂರ್ತಿ ಇರುತ್ತದೆ, ಆದರೆ ಆ ಕೆಲಸಕ್ಕೆ ಅದು ಆಗುವುದಿಲ್ಲ. ಯಾವುದಕ್ಕೆ ಬೇಕು ಅಂತ ತಿಳಿದು ದುಡ್ಡು ಕಟ್ಟಿ. ನಾನು ಪಾಠ ಹೇಳುವ ಆಸೆಯಿಂದ ಡೆಲ್ಫ್ ಬಿ2 ಬರೆದೆ. ಎ2 ಆಗಿ ಹೋದವರು ಎಂಟು ತಿಂಗಳಲ್ಲಿ, ಇಂಗ್ಲಿಷಿನ ಬಾಗಿಲು ಮುಚ್ಚಿಕೊಂಡು ಓದಿದರೆ, ಬಿ2 ಮುಟ್ಟಬಹುದು. ನನ್ನ ಹಾಗೆ ಎರಡು ತಿಂಗಳು ಕಳೆದುಕೊಂಡರೆ ಕೊನೆಯಲ್ಲಿ ಓಡಬೇಕಾಗುತ್ತದೆ. ಹೊರಡುವ ಮುಂಚೆ ಅಲ್ಲೇ ಬರೆಯಿರಿ, ಕಿವಿ ಬಿಸಿ ಇರುವಾಗ.

ವಾಪಸ್ ಬಂದಮೇಲೆ ಮಾತು ಬೇಗ ತುಕ್ಕು ಹಿಡಿಯುತ್ತದೆ. ಸಾಗ್ನೇ ಹುಡುಗಿ ಜೊತೆ ನನ್ನ ಒಪ್ಪಂದ ಈಗಲೂ ನಡೆಯುತ್ತಿದೆ, ಪ್ರತಿ ಶನಿವಾರ ವಿಡಿಯೊ ಕಾಲ್. ಅರ್ಧ ಗಂಟೆ ಫ್ರೆಂಚ್, ಅರ್ಧ ಗಂಟೆ ಇಂಗ್ಲಿಷ್. ನೀವೂ ಬರುವ ಮುಂಚೆಯೇ ಒಬ್ಬರ ಜೊತೆ ದಿನ, ಹೊತ್ತು ಗೊತ್ತುಮಾಡಿಕೊಂಡು ಬನ್ನಿ. ಚಳಿಗಾಲದಲ್ಲಿ ಅವರ ಬೆಳಗಿನ ಏಳು ಅಂದರೆ ನಮಗೆ ಸಂಜೆ ಐದೂವರೆ. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದೆ ಇಡುತ್ತಾರೆ. ಅಲ್ಲಿಂದ ನವೆಂಬರ್‌ವರೆಗೆ ನಮಗೆ ನಾಲ್ಕೂವರೆ.